ಇಸ್ತಾಂಬುಲ್‌ಗೆ ಮತ್ತೊಮ್ಮೆ: ಈ ಸಲ ಕೋಟೆಗೋಡೆಯ ಗುಂಟ ನಡಿಗೆ

ದುರ್ಗದ ನಡಿಗೆ (ಚಿತ್ರದುರ್ಗ)

ಇಸ್ತಾಂಬುಲ್ ಬಗ್ಗೆ ಇಲ್ಲಿ ಬಂದ ಬರಹಗಳು ಬಹುತೇಕ ಆಯಾ ಸೋಫಿಯಾ, ನೀಲಿ ಮಸೀದಿ, ಗ್ರ್ಯಾಂಡ್ ಬಜಾರ್, ಬಾಸ್ಫರಸ್ ದೋಣಿ ಇಷ್ಟರಲ್ಲೇ ಮುಗಿಯುತ್ತವೆ. ಮೊದಲ ಸಲ ಹೋಗುವವರಿಗೆ ಅದೇ ಸರಿ, ನಾನೂ ಹಾಗೇ ನೋಡಿ ಬಂದವನು. ಆದರೆ ಆ ಊರು ಮನಸ್ಸಿನಿಂದ ಇಳಿಯಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಮತ್ತೆ ಹೋದೆ. ಈ ಸಲ ಕೈಯಲ್ಲಿ ಪಟ್ಟಿ ಇರಲಿಲ್ಲ, ಇದ್ದದ್ದು ಒಂದೇ ಆಸೆ. ಹಳೆಯ ಊರಿನ ಪಶ್ಚಿಮದ ಅಂಚಿನಲ್ಲಿ, ಮರ್ಮರ ಸಮುದ್ರದಿಂದ ಗೋಲ್ಡನ್ ಹಾರ್ನ್ ಕೊಲ್ಲಿಯವರೆಗೆ (ಅಲ್ಲಿಯವರಿಗೆ ಅದು ಹಾಲಿಚ್) ನಿಂತಿರುವ ಕೋಟೆಗೋಡೆಯನ್ನು ತುದಿಯಿಂದ ತುದಿಗೆ ನಡೆದು ನೋಡಬೇಕು. ಸುಮಾರು 6.5 ಕಿಲೋಮೀಟರ್.

ರೋಮನ್ ಚಕ್ರವರ್ತಿ ಎರಡನೇ ಥಿಯೋಡೋಸಿಯಸ್‌ನ ಕಾಲದಲ್ಲಿ, 413ರ ಹೊತ್ತಿಗೆ ಕಟ್ಟಿದ ಗೋಡೆ ಇದು. ಆ ಹೊತ್ತಿಗೆ ನಮ್ಮಲ್ಲಿ ಕದಂಬರ ಆಳ್ವಿಕೆ. ಮೊದಲು ಕಂದಕ, ಅದರ ಒಳಗೆ ಹೊರಗೋಡೆ, ಅದರ ಒಳಗೆ ಒಳಗೋಡೆ. ಒಳಗೋಡೆ ಸುಮಾರು 12 ಮೀಟರ್ ಎತ್ತರ, 5 ಮೀಟರ್ ದಪ್ಪ, ಅದರ ಮೇಲೆ 96 ಬುರುಜುಗಳಿದ್ದವು. ಹಲವು ಬಿದ್ದಿವೆ, ಕೆಲವು ನಡುವೆ ಸೀಳಿ ಎರಡಾಗಿ ನಿಂತಿವೆ, ಕೆಲವು ನಿನ್ನೆ ಕಟ್ಟಿದಷ್ಟು ಗಟ್ಟಿಯಾಗಿವೆ.

ಮರ್ಮರಾಯ್ ರೈಲಿನಲ್ಲಿ ಕಾಜ್ಲಿಚೆಶ್ಮೆ ನಿಲ್ದಾಣಕ್ಕೆ ಹೋಗಿ ಇಳಿದೆ. ಅಲ್ಲಿಂದ ಯೆದಿಕುಲೆ ಕೋಟೆ ಹತ್ತಿರ. ರೋಮನ್ ಚಕ್ರವರ್ತಿಗಳು ಗೆದ್ದು ಬಂದಾಗ ಊರೊಳಗೆ ಬರುತ್ತಿದ್ದ ಸುವರ್ಣದ್ವಾರ ಇರುವುದು ಇಲ್ಲೇ. 1453ರಲ್ಲಿ ಊರು ಗೆದ್ದ ಮೇಲೆ ಒಟ್ಟೋಮನ್ ಸುಲ್ತಾನ ಎರಡನೇ ಮೆಹಮೆತ್ ಅದೇ ದ್ವಾರದ ಹಿಂದೆ ಮೂರು ದೊಡ್ಡ ಬುರುಜು ಕಟ್ಟಿಸಿ, ಹಳೆಯ ನಾಲ್ಕರ ಜೊತೆ ಸೇರಿಸಿ ಏಳು ಬುರುಜಿನ ಕೋಟೆ ಮಾಡಿದ. ಏಳು ಸುತ್ತಿನ ಕೋಟೆಯ ಊರಿನಿಂದ ಹೋದವನಿಗೆ ಅಲ್ಲಿ ಕಾಲು ಕೀಳಲು ಮನಸ್ಸೇ ಬರಲಿಲ್ಲ.

ಅಲ್ಲಿಂದ ಉತ್ತರಕ್ಕೆ ಹೊರಟರೆ ಕಂದಕದಲ್ಲೇ ತರಕಾರಿ ತೋಟಗಳು. ಲೆಟ್ಯೂಸ್, ಈರುಳ್ಳಿ, ಪಾಲಕ್, ಮೂಲಂಗಿ. ಒಬ್ಬರು ಹಿರಿಯರು ಪೈಪಿನಲ್ಲಿ ಮಡಿಗಳಿಗೆ ನೀರು ಬಿಡುತ್ತಿದ್ದರು, ಅವರ ಬೆನ್ನ ಹಿಂದೆ ಸಾವಿರದ ಆರುನೂರು ವರ್ಷದ ಗೋಡೆ. ಈ ತೋಟಗಳ ಒಂದು ಭಾಗವನ್ನು 2013ರಲ್ಲಿ ಪಾರ್ಕ್ ಮಾಡುವುದಕ್ಕೆಂದು ಬುಲ್ಡೋಜರ್ ತಂದು ಮುಚ್ಚಿದ್ದರು. ಊರಿನವರು ಎದ್ದು ನಿಂತು ವಿರೋಧಿಸಿದರು. ಉಳಿದದ್ದು ಇವತ್ತೂ ಬೆಳೆಯುತ್ತಿದೆ. ಮೊದಲ ಸಲ ಬಂದಾಗ ನಾನು ಟ್ಯಾಕ್ಸಿಯಲ್ಲಿ ಇದೇ ಗೋಡೆ ದಾಟಿದ್ದೆ. ತೋಟ ಕಣ್ಣಿಗೇ ಬಿದ್ದಿರಲಿಲ್ಲ.

ಬೆಲ್‌ಗ್ರಾದ್‌ಕಪಿ, ಸಿಲಿವ್ರಿಕಪಿ, ಮೆವ್ಲಾನಾಕಪಿ ಹೀಗೆ ಒಂದೊಂದೇ ಬಾಗಿಲು ಸಿಗುತ್ತಾ ಹೋಗುತ್ತದೆ. ಅವುಗಳ ಅಡಿಯಲ್ಲಿ ಇವತ್ತೂ ಕಾರು ಓಡಾಡುತ್ತವೆ, ಶಾಲೆ ಮಕ್ಕಳು ಬ್ಯಾಗ್ ಹಾಕಿಕೊಂಡು ದಾಟುತ್ತಾರೆ. ನಮ್ಮ ರಂಗಯ್ಯನ ಬಾಗಿಲ ಹತ್ತಿರ ಬೆಳೆದವರಿಗೆ ಇದು ಹೊಸದಲ್ಲ. ಕೋಟೆ ಅಂದರೆ ಟಿಕೆಟ್ ಕೊಟ್ಟು ಒಳಗೆ ಹೋಗುವ ಜಾಗ ಮಾತ್ರ ಅಲ್ಲ, ಊರು ದಿನಾ ಅದರೊಳಗಿಂದ ಹಾದು ಹೋಗುತ್ತದೆ ಅನ್ನುವುದು ನಮಗೆ ಗೊತ್ತು. ಅದಕ್ಕೇ ನಾನು ಹೇಳುವುದು, ದುರ್ಗದವರು ಇಸ್ತಾಂಬುಲ್‌ಗೆ ಹೋದರೆ ಈ ಗೋಡೆಯನ್ನು ಬಿಡಬೇಡಿ. ಬಾಗಿಲು ಎತ್ತ ತಿರುಗುತ್ತದೆ, ಕಾವಲಿನವನು ಎಲ್ಲಿಂದ ಇಣುಕುತ್ತಿದ್ದ, ನೀರು ಎಲ್ಲಿ ನಿಲ್ಲುತ್ತಿತ್ತು ಅಂತ ನೋಡುವ ಕಣ್ಣು ನಮಗೆ ಹುಟ್ಟಿನಿಂದ ಬಂದಿದೆ. ಅಲ್ಲಿ ಅದು ಕೆಲಸಕ್ಕೆ ಬರುತ್ತದೆ.

ತೋಪ್‌ಕಪಿ ದಾಟಿದ ಮೇಲೆ ನೆಲ ಇಳಿಯುತ್ತದೆ. ಲೈಕಸ್ ಎಂಬ ಸಣ್ಣ ಹೊಳೆ ಹರಿಯುತ್ತಿದ್ದ ತಗ್ಗು ಇದು, ಈಗ ಅದರ ಮೇಲೆ ದೊಡ್ಡ ರಸ್ತೆ. 1453ರಲ್ಲಿ ಒಟ್ಟೋಮನ್ ಫಿರಂಗಿಗಳು ಹೆಚ್ಚು ಹೊಡೆದದ್ದು ಈ ತಗ್ಗಿನ ಗೋಡೆಗೆ. ಅಲ್ಲಿ ನಿಂತು ನೋಡಿದರೆ ಯಾರೂ ವಿವರಿಸಬೇಕಿಲ್ಲ, ಕಾರಣ ನೆಲದಲ್ಲೇ ಇದೆ. ಎದುರಿನ ದಿಬ್ಬದ ಮೇಲೆ ಫಿರಂಗಿ ಇಟ್ಟವನಿಗೆ ಗೋಡೆ ಕೆಳಗೆ ಕಾಣುತ್ತದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ. ನಡೆದಾಗ ಕಾಲಿಗೆ ತಿಳಿಯಿತು.

ಮತ್ತೆ ಏರು. ಎದಿರ್ನೆಕಪಿ ಈ ಗೋಡೆಯ ಅತಿ ಎತ್ತರದ ಜಾಗ. ಅಲ್ಲಿ ಒಟ್ಟೋಮನ್ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ ಮಿಹ್ರಿಮಾ ಸುಲ್ತಾನ್ ಮಸೀದಿ, ಕಿಟಕಿಗಳ ಬೆಳಕಿನಲ್ಲೇ ಕಟ್ಟಿದಂತಿದೆ. ಅಲ್ಲಿಂದ ಹಳೆಯ ಚರ್ಚ್ ಆಗಿದ್ದ ಕಾರಿಯೆ, ತೆಕ್‌ಫುರ್ ಅರಮನೆ, ಎರಿಕಪಿ ಬಾಗಿಲು, ಕೊನೆಗೆ ಐವಾನ್‌ಸರಾಯ್ ಹತ್ತಿರ ನೀರು. ಬೆಳಿಗ್ಗೆ ಹೊರಟವನು ಅಲ್ಲಿ ಮುಟ್ಟುವಾಗ ಬಿಸಿಲು ಇಳಿದಿತ್ತು.

ಹೋಗಿ ಬಂದವರು ಇದ್ದರೆ ಬರೆಯಿರಿ. ಹೋಗಬೇಕು ಅನ್ನುವವರು ಕೇಳಿ, ತಿಳಿದಷ್ಟು ಹೇಳುತ್ತೇನೆ.

---

ಬೆಣ್ಣೆನಗರಿ (ದಾವಣಗೆರೆ)

ಬರಹ ಚೆನ್ನಾಗಿದೆ ಸರ್. ಆದರೆ ಒಂದು ಮಾತು ಕೇಳ್ತೀನಿ. ನಮ್ಮಂಥವರು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಒಂದು ಸಲ ಹೊರದೇಶಕ್ಕೆ ಹೋಗ್ತೀವಿ. ಅದೇ ದುಡ್ಡಲ್ಲಿ ವಿಯೆಟ್ನಾಂ ನೋಡಬಹುದು, ಜಾರ್ಜಿಯಾ ನೋಡಬಹುದು. ನೋಡಿದ ಊರಿಗೇ ಮತ್ತೆ ಯಾಕೆ? ಅದೂ ಬೀಳ್ತಿರೋ ಗೋಡೆ ನೋಡೋಕೆ? ಬೇಜಾರ್ ಮಾಡ್ಕೋಬೇಡಿ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ.

---

ದುರ್ಗದ ನಡಿಗೆ

ಬೇಜಾರೇನೂ ಇಲ್ಲ, ಕೇಳಬೇಕಾದ ಮಾತೇ. ಮೊದಲ ಸಲ ಹೋದಾಗ ಊರು ನಮ್ಮನ್ನು ಓಡಿಸುತ್ತದೆ. ಟಿಕೆಟ್ ಎಲ್ಲಿ, ಟ್ರಾಮ್ ಯಾವುದು, ಇವತ್ತು ಇದು ಮುಗಿಸಬೇಕು, ನಾಳೆ ಅದು. ಮತ್ತೆ ಹೋದಾಗ ಆ ಗಡಿಬಿಡಿ ಇರುವುದಿಲ್ಲ. ಟ್ರಾಮ್ ಎಲ್ಲಿ ಸಿಗುತ್ತದೆ ಗೊತ್ತು, ಚಹಾ ಎಲ್ಲಿ ಕುಡಿಯಬೇಕು ಗೊತ್ತು, ಆಯಾ ಸೋಫಿಯಾ ನೋಡಿಯಾಗಿದೆ. ಆಗ ತರಕಾರಿ ತೋಟದ ಮುಂದೆ ಅರ್ಧ ಗಂಟೆ ನಿಲ್ಲಲು ಧೈರ್ಯ ಬರುತ್ತದೆ. ಹೊಸ ದೇಶ ನೋಡುವುದು ತಪ್ಪು ಅಂತ ಹೇಳುತ್ತಿಲ್ಲ. ಆದರೆ ಪ್ರೀತಿಸಿದ ಊರನ್ನು ಒಂದೇ ಸಲ ನೋಡಿ ಬಿಟ್ಟರೆ ನನಗೆ ಸಾಲದು. ನಮ್ಮ ಕೋಟೆಗೆ ಚಿಕ್ಕವನಿದ್ದಾಗಿನಿಂದ ಹತ್ತುತ್ತಿದ್ದೇನೆ, ಇನ್ನೂ ಮುಗಿದಿಲ್ಲ.

---

ಕುಂದವಾಡದ ಹುಡುಗಿ (ಮ್ಯೂನಿಕ್, ಊರು ದಾವಣಗೆರೆ)

ನಾನು ಇಲ್ಲಿಂದ ಇಸ್ತಾಂಬುಲ್‌ಗೆ ಹಲವು ಸಲ ಹೋಗಿದ್ದೀನಿ, ಇಲ್ಲಿಂದ ಹತ್ತಿರ ಅಲ್ವಾ. ಬೆಣ್ಣೆನಗರಿ ಅಣ್ಣ, ನಿಮ್ಮ ಪ್ರಶ್ನೆ ನನ್ನ ಅಪ್ಪಾಜಿ ಕೇಳೋ ಪ್ರಶ್ನೆನೇ. ಅವರು ದಿನಾ ಬೆಳಿಗ್ಗೆ ಕುಂದವಾಡ ಕೆರೆ ಸುತ್ತಾರೆ. ಅದೇ ಕೆರೆ, ಅದೇ ಏರಿ. ಯಾವ ತಿಂಗಳು ಯಾವ ಹಕ್ಕಿ ಬರುತ್ತೆ ಅಂತ ಅವರಿಗೆ ಗೊತ್ತು, ಕಾರಲ್ಲಿ ಬಂದು ಫೋಟೋ ತೆಗೆದು ಹೋಗೋರಿಗೆ ಗೊತ್ತಿಲ್ಲ. ನಾನು ಇದನ್ನ ಹೇಳಿದ್ಮೇಲೆ ಅಪ್ಪಾಜಿ ಮತ್ತೆ ಆ ಪ್ರಶ್ನೆ ಕೇಳಿಲ್ಲ.

ನನ್ನ ನಡಿಗೆ ಗೋಡೆ ಕಡೆ ಅಲ್ಲ, ನೀರಿನ ಕಡೆ. ಫೆನೆರ್, ಬಾಲಾತ್ ಬೀದಿಗಳು ನಂಗೆ ಪ್ರಾಣ. ಏರು ಅಂದ್ರೆ ಏರು, ಮೆಟ್ಟಿಲು ಮೆಟ್ಟಿಲು. ಅಲ್ಲಿ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರ ಗುರುಪೀಠ (ಪೇಟ್ರಿಯಾರ್ಕೇಟ್) ಇದೆ, ಯಹೂದಿಗಳ ಹಳೇ ಸಿನಗಾಗ್ ಇದೆ, ಮಸೀದಿ ಇದೆ, ಎಲ್ಲ ನಡೆದು ಹೋಗೋ ದೂರದಲ್ಲಿ. ನೀರಿನ ಪಕ್ಕ ಬಲ್ಗೇರಿಯನ್ನರ ಸೇಂಟ್ ಸ್ಟೀಫನ್ ಚರ್ಚ್ ಇದೆ, ಪೂರ್ತಿ ಕಬ್ಬಿಣದ್ದು! ಬಿಡಿಭಾಗಗಳನ್ನ ವಿಯೆನ್ನಾದಲ್ಲಿ ಎರಕ ಹೊಯ್ದು, ಹಡಗಲ್ಲಿ ತಂದು, ಇಲ್ಲಿ ಜೋಡಿಸಿ 1898ರಲ್ಲಿ ತೆರೆದ್ರು. ಗೋಡೆ ಮೇಲೆ ಬೆರಳಲ್ಲಿ ತಟ್ಟಿದ್ರೆ ಕಲ್ಲಲ್ಲ ಅಂತ ಗೊತ್ತಾಗುತ್ತೆ. ನಾನು ಅಲ್ಲಿಗೆ ಹೋದಾಗಲೆಲ್ಲ ತಟ್ಟೋದೇ.

---

ಮೇಷ್ಟ್ರು ಹೊಳಲ್ಕೆರೆ

ಇತಿಹಾಸ ಪಾಠ ಮಾಡಿ ನಿವೃತ್ತನಾದವನು ನಾನು. ಇಸ್ತಾಂಬುಲ್‌ಗೆ ಹೋಗಿಲ್ಲ, ಆದರೆ 1453ನ್ನು ಎಷ್ಟೋ ತಂಡಗಳಿಗೆ ಪಾಠ ಮಾಡಿದ್ದೇನೆ. ಈ ಚರ್ಚೆ ಓದಿ ಬಹಳ ಸಂತೋಷವಾಯಿತು. ಕೆಲವು ಸಂಗತಿ ಸೇರಿಸುತ್ತೇನೆ, ನಡೆಯುವವರಿಗೆ ಉಪಯೋಗ ಆಗಬಹುದು.

ನಡಿಗೆಯವರು ಸಿಲಿವ್ರಿಕಪಿಯನ್ನು ಹೆಸರು ಮಾತ್ರ ಹೇಳಿ ದಾಟಿದ್ದಾರೆ. ಅಲ್ಲಿ ಸ್ವಲ್ಪ ನಿಲ್ಲಬೇಕು. 1204ರಲ್ಲಿ ನಾಲ್ಕನೇ ಧರ್ಮಯುದ್ಧಕ್ಕೆ (ಕ್ರುಸೇಡ್) ಹೊರಟಿದ್ದ ಪಶ್ಚಿಮ ಯುರೋಪಿನ ಸೈನಿಕರು ಊರನ್ನು ಹಿಡಿದು ಲೂಟಿ ಮಾಡಿದ ಮೇಲೆ, ಊರನ್ನು ಆಳುತ್ತಿದ್ದ ಬೈಜಾಂಟೀನರು, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರು, ಊರಾಚೆ ಉಳಿದರು. 1261ರ ಜುಲೈನಲ್ಲಿ ಅಲೆಕ್ಸಿಯೋಸ್ ಸ್ಟ್ರಾಟೆಗೋಪೌಲೋಸ್ ಎಂಬ ಸೇನಾಪತಿ ಸಣ್ಣ ಪಡೆಯೊಂದಿಗೆ ರಾತ್ರಿ ಒಳಗೆ ನುಗ್ಗಿ ಊರನ್ನು ಮರಳಿ ಪಡೆದದ್ದು ಈ ಬಾಗಿಲಿನಿಂದಲೇ.

ಮೆವ್ಲಾನಾಕಪಿಯಲ್ಲಿ ಶಾಸನ ನೋಡಿದಿರಾ? 447ರ ಭೂಕಂಪದಲ್ಲಿ ಗೋಡೆಯ ಹೆಚ್ಚಿನ ಭಾಗ ಬಿತ್ತು, ಬುರುಜುಗಳು ಉರುಳಿದವು. ಆಗ ಹೂಣರ ಅಟ್ಟಿಲಾನ ಭಯ. ನಗರಾಧಿಕಾರಿ ಕಾನ್‌ಸ್ಟಂಟಿನಸ್ ಜನರನ್ನು ಹುರಿದುಂಬಿಸಿ 60 ದಿನದಲ್ಲಿ ಗೋಡೆಯನ್ನು ಮತ್ತೆ ಎಬ್ಬಿಸಿದ. ಅದನ್ನು ಹೇಳುವ ಶಾಸನ ಆ ಬಾಗಿಲಲ್ಲಿದೆ.

ದುರ್ಗದವರ ಎದೆಗೆ ತಾಗುವ ಕಥೆ ಬೇರೆ ಇದೆ. ನಮ್ಮಲ್ಲಿ ಹೈದರ್‌ನ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರೇ ತೂರಿ ಬರುವಾಗ ಓಬವ್ವ ಒನಕೆ ಹಿಡಿದು ನಿಂತಳು. ಕಾನ್‌ಸ್ಟಾಂಟಿನೋಪಲ್‌ನಲ್ಲೂ (ಇಸ್ತಾಂಬುಲ್‌ನ ಹಳೆಯ ಹೆಸರು) ಅಂಥದೇ ಒಂದು ದಿಡ್ಡಿ ಬಾಗಿಲಿನ ಕಥೆ ಇದೆ, ಕೆರ್ಕೋಪೋರ್ಟ ಅಂತ. 1453ರ ಮೇ 29ರ ಬೆಳಗಿನ ಜಾವ ಅದು ತೆರೆದೇ ಉಳಿದಿತ್ತು, ಅಲ್ಲಿಂದ ಕೆಲವು ಒಟ್ಟೋಮನ್ ಸೈನಿಕರು ಒಳಗೆ ಬಂದು ಬುರುಜಿನ ಮೇಲೆ ಧ್ವಜ ಏರಿಸಿದರು, ಕಾವಲಿನವರ ಧೈರ್ಯ ಕುಸಿಯಿತು ಅಂತ. ಇದನ್ನು ಹೇಳುವವನು ಡೂಕಾಸ್ ಎಂಬ ಇತಿಹಾಸಕಾರ ಒಬ್ಬನೇ, ಅವನು ಆ ದಿನ ಊರೊಳಗೆ ಇರಲಿಲ್ಲ. ಒಳಗಿದ್ದು ಕಣ್ಣಾರೆ ಕಂಡು ಬರೆದವರು ಆ ಬಾಗಿಲ ಮಾತೇ ಎತ್ತುವುದಿಲ್ಲ. ಆದ್ದರಿಂದ ಊರು ಬಿದ್ದದ್ದು ಬಾಗಿಲು ಮರೆತದ್ದರಿಂದ ಅಂತ ಮಕ್ಕಳಿಗೆ ನಾನು ಹೇಳಿದವನಲ್ಲ. 53 ದಿನ ಫಿರಂಗಿ ಹೊಡೆದದ್ದು, ಉದ್ದ ಗೋಡೆಗೆ ಕಾವಲಿನವರು ಸಾಲದೆ ಹೋದದ್ದು, ಕೊನೆಯ ಗಳಿಗೆಯಲ್ಲಿ ಗೋಡೆ ಕಾಯುತ್ತಿದ್ದ ಜೆನೋವಾದ ಸೇನಾನಿ ಜುಸ್ತಿನಿಯಾನಿ ಗಾಯಗೊಂಡು ಹಿಂದೆ ಸರಿದದ್ದು, ಇವು ಗಟ್ಟಿ ಕಾರಣಗಳು.

ಇನ್ನೊಂದು. ನಮ್ಮ ಚಂದ್ರವಳ್ಳಿಯ ಉತ್ಖನನದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಕಾನ್‌ಸ್ಟಾಂಟಿನೋಪಲ್ ಹುಟ್ಟುವುದಕ್ಕೂ ಮೊದಲಿನ ರೋಮ್ ಅದು. ಆದರೂ ಆ ರಾಜ್ಯದ ದುಡ್ಡು ನಮ್ಮ ದುರ್ಗದ ಬುಡಕ್ಕೆ ಬಂದಿತ್ತು ಅನ್ನುವುದನ್ನು ಅಲ್ಲಿ ನಡೆಯುವಾಗ ನೆನೆದುಕೊಳ್ಳಿ.

---

ದುರ್ಗದ ನಡಿಗೆ

ಮೇಷ್ಟ್ರೇ, ನಿಮ್ಮ ಪಾಠ ಸಿಕ್ಕ ಮಕ್ಕಳು ಪುಣ್ಯವಂತರು. ಮೆವ್ಲಾನಾಕಪಿಯ ಶಾಸನ ನೋಡಿದೆ. ನನಗೆ ತಿಳಿಯುವ ಭಾಷೆಯಲ್ಲ, ಆದರೂ ಕೈ ಮುಗಿಯುವ ಹಾಗಾಯಿತು. 60 ದಿನ!

---

ಸಿವಿಲ್ ದಾವಣಗೆರೆ

ಎಂಜಿನಿಯರ್ ಆಗಿ ಒಂದೆರಡು ಮಾತು. ಆ ಗೋಡೆಯ ಫೋಟೋ ಝೂಮ್ ಮಾಡಿ ನೋಡಿ. ಸುಣ್ಣಕಲ್ಲಿನ ಸಾಲು, ನಡುನಡುವೆ ಇಟ್ಟಿಗೆಯ ಕೆಂಪು ಪಟ್ಟಿ. ಚೆಂದಕ್ಕೆ ಹಾಕಿದ್ದಲ್ಲ ಅದು. ಹೊರಗೆ ಎರಡೂ ಕಡೆ ಕಲ್ಲಿನ ಮೈ, ಒಳಗೆ ಗಾರೆ ಮತ್ತು ಒಡೆದ ಕಲ್ಲು ತುಂಬಿದ್ದಾರೆ. ಇಟ್ಟಿಗೆ ಪಟ್ಟಿ ಗೋಡೆಯ ಆಚೆಯಿಂದ ಈಚೆಗೆ ಪೂರ್ತಿ ಹಾದು ಎಲ್ಲವನ್ನೂ ಹಿಡಿದು ಕಟ್ಟುತ್ತದೆ. ಇನ್ನೊಂದು ಜಾಣತನ ಇದೆ. ಬುರುಜನ್ನು ಗೋಡೆಗೆ ಬೆಸೆದಿಲ್ಲ, ಬೇರೆಯಾಗಿ ಕಟ್ಟಿದ್ದಾರೆ. ಭಾರ ಹೆಚ್ಚಿರುವ ಬುರುಜು ನೆಲದಲ್ಲಿ ಸ್ವಲ್ಪ ಕುಸಿದರೂ ಪಕ್ಕದ ಗೋಡೆ ಬಿರಿಯುವುದಿಲ್ಲ. ಇವತ್ತು ನಾವು ಕಟ್ಟಡದಲ್ಲಿ ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಬಿಡುವಾಗ ಮಾಡುವ ವಿಚಾರವೂ ಇದೇ ಜಾತಿಯದು.

1999ರ ಭೂಕಂಪದಲ್ಲಿ ಅಲ್ಲಿ ತೀರಾ ಈಚೆಗೆ ದುರಸ್ತಿ ಮಾಡಿ ಹೊಸದಾಗಿ ಹಚ್ಚಿದ ಭಾಗಗಳು ಕಳಚಿ ಬಿದ್ದವು, ಒಳಗಿನ ಹಳೇದು ನಿಂತಿತು. ದುರಸ್ತಿ ಮಾಡುವವರು ಓದಬೇಕಾದ ಪಾಠ. ನಮ್ಮ ಹಳೇ ಕಟ್ಟಡಗಳ ಕಲ್ಲಿನ ಸಂದಿಗೆ ಸಿಮೆಂಟ್ ಬಳಿಯುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಸಿಮೆಂಟ್ ಬಿಗಿ, ಹಳೇ ಗಾರೆ ಮೆತ್ತಗೆ, ಎರಡೂ ಬಿಸಿಲು ಮಳೆಗೆ ಒಂದೇ ರೀತಿ ಹಿಗ್ಗಿ ಕುಗ್ಗುವುದಿಲ್ಲ.

ದುರ್ಗಕ್ಕೂ ಅದಕ್ಕೂ ಮುಖ್ಯ ವ್ಯತ್ಯಾಸ ನೆಲದ್ದು. ದುರ್ಗದಲ್ಲಿ ಅರ್ಧ ಕೆಲಸ ಬಂಡೆಯೇ ಮಾಡಿದೆ, ಗೋಡೆ ಬಂಡೆಯಿಂದ ಬಂಡೆಗೆ ಹಾರುತ್ತದೆ. ಇಸ್ತಾಂಬುಲ್‌ನ ಪಶ್ಚಿಮಕ್ಕೆ ತಡೆಯಲು ಬೆಟ್ಟ ಇಲ್ಲ, ತೆರೆದ ಬಯಲು. ಅದಕ್ಕೇ 20 ಮೀಟರ್ ಅಗಲದ ಕಂದಕ ತೋಡಿ, ಅದರ ಹಿಂದೆ ಒಂದಕ್ಕಿಂತ ಒಂದು ಎತ್ತರದ ಗೋಡೆ ಕಟ್ಟಿದರು. ಹೊರಗೋಡೆ ಹಿಡಿದವನ ಮೇಲೆ ಒಳಗೋಡೆಯಿಂದ ಬಾಣ ಬೀಳುತ್ತದೆ.

---

ಸಂತೆಹೊಂಡ (ಚಿತ್ರದುರ್ಗ)

ನೀರಿನ ವಿಷಯ ಯಾರೂ ಎತ್ಲಿಲ್ವಲ್ಲ ಅಣ್ಣ. ನಮ್ಮ ಕೋಟೆ ಅಂದ್ರೆ ನನಗೆ ಮೊದ್ಲು ನೆನಪಾಗೋದು ಹೊಂಡಗಳೇ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ, ಅದು ತುಂಬಿದ್ರೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆ ಹನಿನೂ ಬಿಡದೆ ಹಿಡಿದವ್ರೆ. ಅಷ್ಟು ದಿನ ಮುತ್ತಿಗೆ ತಡೆದ ಆ ಊರಲ್ಲಿ ನೀರಿಗೇನು ಮಾಡ್ತಿದ್ರು?

---

ದುರ್ಗದ ನಡಿಗೆ

ಇದನ್ನು ಕೇಳಿದ್ದಕ್ಕೆ ಬಹಳ ಖುಷಿ ಆಯ್ತು ತಮ್ಮಾ. ಗೋಡೆಯ ನಡಿಗೆ ಆದ ಮೇಲೆ ನಾನು ನೀರಿನ ಜಾಡನ್ನೇ ಹಿಡಿದೆ.

ಹಳೆಯ ಊರೊಳಗೆ ಹೇಳಿಕೊಳ್ಳುವಂಥ ಹೊಳೆ ಇಲ್ಲ. ಊರಿನ ಪಶ್ಚಿಮಕ್ಕಿರುವ ಥ್ರೇಸ್ ಪ್ರದೇಶದ ಬೆಟ್ಟಗಳಿಂದ ನೂರಾರು ಕಿಲೋಮೀಟರ್ ಕಾಲುವೆಯಲ್ಲಿ ನೀರು ತಂದರು. ಊರೊಳಗೆ ಎರಡು ದಿಬ್ಬಗಳ ನಡುವಿನ ತಗ್ಗನ್ನು ದಾಟಿಸಲು ವಾಲೆನ್ಸ್ ಮೇಲ್ಗಾಲುವೆ ಕಟ್ಟಿದರು, 4ನೇ ಶತಮಾನದಲ್ಲಿ ಮುಗಿದದ್ದು. ಈಗಲೂ ಅದರ ಕಮಾನುಗಳ ಅಡಿಯಲ್ಲಿ ಅತಾತುರ್ಕ್ ಬುಲೆವಾರ್ಡ್‌ನ ಬಸ್ಸು ಓಡುತ್ತವೆ. ನಾನು ಅದರ ನೆರಳಲ್ಲಿ ಕೂತು ಹುರಿದ ಚೆಸ್ಟ್‌ನಟ್ ತಿಂದೆ, ಬಹಳ ಹೊತ್ತು ಎದ್ದೇಳಲಿಲ್ಲ.

ಆದರೆ ಕಾಲುವೆಯನ್ನು ಶತ್ರು ಹೊರಗೇ ಕಡಿಯಬಹುದು. ಆದ್ದರಿಂದ ಒಳಗೆ ಸಂಗ್ರಹ. ಪ್ರವಾಸಿಗಳು ನೋಡುವ ಬೆಸಿಲಿಕಾ ಸಿಸ್ಟರ್ನ್ ಎಂಬ ನೆಲದಡಿಯ ನೀರಿನ ತೊಟ್ಟಿ ಜಸ್ಟಿನಿಯನ್ ಚಕ್ರವರ್ತಿಯ ಕಾಲದ್ದು, 336 ಕಂಬ, ಸುಮಾರು 80,000 ಘನ ಮೀಟರ್ ನೀರು ಹಿಡಿಯುತ್ತಿತ್ತು. ದುರಸ್ತಿ ಮುಗಿಸಿ 2022ರಲ್ಲಿ ಮತ್ತೆ ತೆರೆದಿದ್ದಾರೆ. ಮೊದಲ ಸಲ ಅದನ್ನೇ ನೋಡಿ ಅಬ್ಬಾ ಅಂದಿದ್ದೆ.

ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಎದಿರ್ನೆಕಪಿಯಿಂದ ಊರೊಳಕ್ಕೆ ನಡೆದರೆ ರಸ್ತೆಯ ಬದಿಗೆ ಒಂದು ಫುಟ್‌ಬಾಲ್ ಕ್ರೀಡಾಂಗಣ, ರಸ್ತೆ ಮಟ್ಟಕ್ಕಿಂತ ತುಂಬ ಕೆಳಗೆ. ಅದು 5ನೇ ಶತಮಾನದ ಏಟಿಯಸ್ ಹೊಂಡ! ಸುಮಾರು 240 ಮೀಟರ್ ಉದ್ದದ ತೆರೆದ ಹೊಂಡ. ನೀರು ಹೋಗಿ ತೋಟ ಆಯ್ತು, ತೋಟ ಹೋಗಿ ಆಟದ ಮೈದಾನ ಆಯ್ತು. ಮೇಲಿನಿಂದ ಬಗ್ಗಿ ನೋಡಿದೆ, ಹುಡುಗರು ಆಡುತ್ತಿದ್ದರು, ಸುತ್ತ ಹಳೆಯ ಗೋಡೆ. ಯಾವ ಟೂರ್ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ. ಹೊಂಡದ ಊರಿನವರು ನಾವು, ನಾವಾದರೂ ನಿಲ್ಲಬೇಕು.

---

ಸಂತೆಹೊಂಡ

ಅಣ್ಣ ಇದು ಗೊತ್ತೇ ಇರ್ಲಿಲ್ಲ. ಹೊಂಡದೊಳಗೆ ಫುಟ್‌ಬಾಲ್! ಮ್ಯಾಪಲ್ಲಿ ನೋಡ್ದೆ, ನೀವು ಹೇಳಿದ ಜಾಗದಲ್ಲೇ ಕಾಣುತ್ತೆ. ಥ್ಯಾಂಕ್ಸ್.

---

ಗೌರಮ್ಮನ ಮಗಳು (ಹರಿಹರ)

ನಮ್ಮ ಮನೆಯವರು ಶುದ್ಧ ಸಸ್ಯಾಹಾರಿಗಳು ರೀ. ಅಮ್ಮನ್ನೂ ಕರ್ಕೊಂಡು ಹೋಗೋ ಆಸೆ, ಅವರಿಗೆ ಮಂಡಿ ನೋವು. ಊಟಕ್ಕೆ ಏನು ಮಾಡಬೇಕು, ಈ ಗೋಡೆ ನಡಿಗೆ ಅವರಿಗೆ ಆಗುತ್ತಾ, ತಿಳಿದವರು ಹೇಳ್ತೀರಾ?

---

ಕುಂದವಾಡದ ಹುಡುಗಿ

ಅಕ್ಕಾ, ಊಟದ ಚಿಂತೆ ಬೇಡ. ಬೆಳಿಗ್ಗೆ ಎಳ್ಳು ಮೆತ್ತಿದ ಸಿಮಿತ್ ಪ್ರತಿ ಮೂಲೆಯಲ್ಲೂ ಸಿಗುತ್ತೆ. ಟರ್ಕಿಯ ಬೆಳಗಿನ ತಿಂಡಿ ಅಂದ್ರೆ ಚೀಸ್, ಆಲಿವ್, ಟೊಮೆಟೊ, ಸೌತೆಕಾಯಿ, ಜೇನು, ಬ್ರೆಡ್, ಅಮ್ಮನಿಗೆ ಹೊಟ್ಟೆ ತುಂಬುತ್ತೆ. ಮಧ್ಯಾಹ್ನಕ್ಕೆ ಗೋಜ್ಲೆಮೆ ಕೇಳಿ, ಪಾಲಕ್ ಇಲ್ಲ ಆಲೂಗಡ್ಡೆ ಹೂರಣದ್ದು, ಕಾವಲಿ ಮೇಲೆ ಎದುರಿಗೇ ಬೇಯಿಸಿ ಕೊಡ್ತಾರೆ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಅಡುಗೆಗಳನ್ನ ಜೆಯ್ತಿನ್‌ಯಾಲಿ ಅಂತಾರೆ, ತಣ್ಣಗೆ ಬಡಿಸ್ತಾರೆ, ಬೀನ್ಸ್, ಬದನೆಕಾಯಿ, ಅನ್ನ ತುಂಬಿದ ದ್ರಾಕ್ಷಿ ಎಲೆ. ಕೆಂಪು ಬೇಳೆಯ ಮೆರ್ಜಿಮೆಕ್ ಸೂಪ್ ನಮ್ಮ ನಾಲಿಗೆಗೆ ಬೇಗ ಹತ್ತುತ್ತೆ. ಆದ್ರೆ ಕೆಲವು ಕಡೆ ಅದಕ್ಕೆ ಮಾಂಸದ ಸಾರು ಹಾಕ್ತಾರೆ, ಬಿಳಿ ಬೀನ್ಸ್ ಕಾಳಿನ ಪಲ್ಯದಲ್ಲೂ ಮಾಂಸದ ತುಂಡು ಇರಬಹುದು. ಕೇಳದೆ ತಿನ್ನಬೇಡಿ. ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ಮಂಡಕ್ಕಿ ತಗೊಂಡು ಹೋಗಿ, ಬ್ರೆಡ್ ಜೊತೆ ಚಟ್ನಿಪುಡಿ ಮೊಸರು ನಾನಂತೂ ತಿಂದಿದ್ದೀನಿ.

ಮಂಡಿ ನೋವಿರೋರಿಗೆ ಬಾಲಾತ್ ಏರು ಬೇಡ. ಹಳೇ ಊರಿನ ಎಮಿನೊನುವಿಂದ ಬಾಸ್ಫರಸ್ ಆಚೆ ದಂಡೆಯ ಉಸ್ಕುದಾರ್‌ಗೆ ಫೆರಿ ಹತ್ತಿಸಿ, ಅಲ್ಲಿ ದಂಡೆ ಗುಂಟ ನೆಲ ಸಮತಟ್ಟು, ಕೂರೋಕೆ ಜಾಗ ಇದೆ, ಎದುರಿಗೆ ಇಡೀ ಹಳೇ ಊರು ಕಾಣುತ್ತೆ. ಅಮ್ಮ ಚಹಾ ಕುಡೀತಾ ಕೂತಿರಲಿ, ನೀವು ಸುತ್ತಿ ಬನ್ನಿ. ಮಸೀದಿಗೆ ಹೋಗುವಾಗ ತಲೆ ಮೇಲೆ ಹೊದೆಯೋಕೆ ಬ್ಯಾಗಲ್ಲಿ ಒಂದು ದುಪಟ್ಟಾ ಇರಲಿ.

---

ದುರ್ಗದ ನಡಿಗೆ

ಹರಿಹರದ ಅಕ್ಕನವರೇ, ಪೂರ್ತಿ ಗೋಡೆ ಅಮ್ಮನಿಗೆ ಬೇಡ. ಟಿ1 ಟ್ರಾಮ್‌ನಲ್ಲಿ ತೋಪ್‌ಕಪಿಗೆ ಹೋದರೆ ಇಳಿದ ಕಡೆಯೇ ಗೋಡೆ ಇದೆ, ಹಸಿರು ಹುಲ್ಲಿನ ಪಾರ್ಕ್ ಇದೆ, 1453ರ ಯುದ್ಧವನ್ನು ಸುತ್ತಲೂ ಚಿತ್ರಿಸಿರುವ ಪನೋರಮಾ ಮ್ಯೂಸಿಯಂ ಇದೆ. ಒಂದು ಎಚ್ಚರಿಕೆ, ತೋಪ್‌ಕಪಿ ಅರಮನೆಯೇ ಬೇರೆ, ತೋಪ್‌ಕಪಿ ಬಾಗಿಲೇ ಬೇರೆ, ನಡುವೆ ಕಿಲೋಮೀಟರ್‌ಗಟ್ಟಲೆ ದೂರ. ಟ್ಯಾಕ್ಸಿಯವರಿಗೆ ಸರಿಯಾಗಿ ಹೇಳಿ.

ಆಯಾ ಸೋಫಿಯಾಗೆ 2024ರ ಜನವರಿಯಿಂದ ಹೊರದೇಶದವರಿಗೆ 25 ಯೂರೋ ಟಿಕೆಟ್, ಅದೂ ಮೇಲಂತಸ್ತಿಗೆ ಮಾತ್ರ. ಕಾರಿಯೆ ಚರ್ಚ್ ಹೋಗಿ ಮಸೀದಿ, ಮಸೀದಿ ಹೋಗಿ ಮ್ಯೂಸಿಯಂ ಆಗಿತ್ತು, 2024ರ ಮೇನಿಂದ ಮತ್ತೆ ಮಸೀದಿ. 14ನೇ ಶತಮಾನದ ಮೊಸಾಯಿಕ್‌ಗಳು ಅಲ್ಲಿವೆ. ಒಂದನ್ನೇ ಆರಿಸಬೇಕು ಅಂದರೆ ನಾನು ಕಾರಿಯೆ ಅನ್ನುತ್ತೇನೆ. ಆಯಾ ಸೋಫಿಯಾದಲ್ಲಿ ಜನರ ತಲೆ ನೋಡುತ್ತೇವೆ, ಕಾರಿಯೆಯಲ್ಲಿ ಗೋಡೆಯ ಮೇಲಿನ ಮುಖಗಳನ್ನು ನೋಡುತ್ತೇವೆ.

---

ಹೆಜ್ಜೆ ಗುರುತು (ಚಳ್ಳಕೆರೆ)

ಒಬ್ಬೊಬ್ಬರೇ ಹೋಗಬಹುದಾ ಆ ಗೋಡೆ ಕಡೆ? ಎಲ್ಲೋ ಓದಿದ್ದೆ, ಕೆಲವು ಕಡೆ ಸರಿ ಇಲ್ಲ ಅಂತ. ನಾನು ಹೆಣ್ಣುಮಗಳು, ಒಬ್ಬಳೇ ಪ್ರವಾಸ ಮಾಡ್ತೀನಿ.

---

ಕುಂದವಾಡದ ಹುಡುಗಿ

ಹಗಲಲ್ಲಿ ಹೋಗಿ, ಸಾಧ್ಯ ಆದ್ರೆ ಜೊತೆ ಇರಲಿ. ಬಾಗಿಲುಗಳ ಹತ್ತಿರ ಜನ ಇರ್ತಾರೆ, ಬಾಗಿಲುಗಳ ನಡುವೆ ಕೆಲವು ಕಡೆ ಯಾರೂ ಇರಲ್ಲ. ಪಾಳು ಬುರುಜುಗಳ ಒಳಗೆ ಕಾಲಿಡಬೇಡಿ, ಕೆಲವರು ಅಲ್ಲೇ ವಾಸ ಮಾಡ್ತಾರೆ, ಕುಡಿದು ಕೂತಿರ್ತಾರೆ. ಗೋಡೆ ಮೇಲೆ ಹತ್ತೋದಂತೂ ಬೇಡವೇ ಬೇಡ, ಮೆಟ್ಟಿಲು ಸವೆದಿದೆ, ಕಟಕಟೆ ಇಲ್ಲ. ಒಬ್ಬಳೇ ಇದ್ರೆ ನಾನು ಗೋಡೆ ಪಕ್ಕ ಬಿಟ್ಟು ಒಳಗಿನ ಬೀದಿ ಹಿಡೀತೀನಿ, ಅಲ್ಲಿ ಅಂಗಡಿ, ಬೇಕರಿ, ಮನೆ ಮುಂದೆ ಕೂತ ಅಜ್ಜಿಯರು ಇರ್ತಾರೆ. ಸಂಜೆ ನಡಿಗೆಗೆ ಕಾದಿಕೊಯ್ ಕಡೆ ಹೋಗಿ, ರಾತ್ರಿ ತಡವಾದ್ರೂ ಬೀದಿ ತುಂಬ ಜನ.

---

ಬೆಳಕು (ದಾವಣಗೆರೆ)

ಎಲ್ಲ ಸರಿ, ಆದರೆ 2025ರ ಮೇ ತಿಂಗಳಲ್ಲಿ ಟರ್ಕಿ ಪಾಕಿಸ್ತಾನದ ಪರ ನಿಂತ ಮೇಲೂ ಅಲ್ಲಿಗೆ ಹೋಗಿ ಅಂತ ಬರೆಯುವುದು ನನಗೆ ಒಪ್ಪಿಗೆ ಆಗಲಿಲ್ಲ. ನಮ್ಮ ಅಣ್ಣನ ಮಗ ಸೈನ್ಯದಲ್ಲಿದ್ದಾನೆ. ನಾವು ತೆಗೆಸಿದ್ದ ಟಿಕೆಟ್ ರದ್ದು ಮಾಡಿದೆವು.

---

ದುರ್ಗದ ನಡಿಗೆ

ನಿಮ್ಮ ಮನೆಯ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಹೋಗಿ ಬಂದದ್ದು ಅದಕ್ಕೂ ಮೊದಲು, ಆದರೆ ಅದನ್ನು ನೆಪ ಮಾಡುವುದಿಲ್ಲ. ನೀವು ರದ್ದು ಮಾಡಿದ್ದು ನಿಮ್ಮ ಮನಸ್ಸಿಗೆ ಸರಿ ಕಂಡದ್ದು, ಅದನ್ನು ಗೌರವಿಸುತ್ತೇನೆ. ಈಗಲೇ ಹೋಗಿ ಅಂತ ಯಾರನ್ನೂ ಒತ್ತಾಯಿಸುವುದಿಲ್ಲ. ಆದರೆ ಆ ಗೋಡೆಯೂ, ಕಂದಕದ ತೋಟದಲ್ಲಿ ನೀರು ಬಿಡುತ್ತಿದ್ದ ಆ ಹಿರಿಯರೂ ನನಗೆ ಅಲ್ಲಿನ ಸರ್ಕಾರ ಅಲ್ಲ. ಊರಿನ ಮೇಲಿನ ಪ್ರೀತಿಯನ್ನು ಮನಸ್ಸಿನಿಂದ ತೆಗೆದು ಹಾಕಲು ನನಗೆ ಆಗುತ್ತಿಲ್ಲ. ಇಲ್ಲಿ ಬರೆದಿಡುತ್ತೇನೆ, ಕಾಲ ಕೂಡಿದಾಗ ಹೋಗುವವರು ಹೋಗಲಿ.

---

ಬೆಳಕು

ನೇರವಾಗಿ ಉತ್ತರ ಕೊಟ್ಟದ್ದಕ್ಕೆ ವಂದನೆ. ಒಪ್ಪಿಗೆ ಇಲ್ಲ, ಆದರೆ ನಿಮ್ಮ ಮಾತು ಅರ್ಥ ಆಯಿತು.

---

ಸಿವಿಲ್ ದಾವಣಗೆರೆ

ಹೊರದೇಶ ಬೇಡ ಅನ್ನುವವರಿಗೆ, ದುರ್ಗದಲ್ಲೇ ಈ ನಡಿಗೆ ಮಾಡಬಹುದಲ್ಲವೇ? ಪ್ರವಾಸಿಗಳು ಮುಖ್ಯ ಬಾಗಿಲಿನಿಂದ ಹೋಗಿ ಓಬವ್ವನ ಕಿಂಡಿ, ಏಕನಾಥೇಶ್ವರಿ, ಹಿಡಿಂಬೇಶ್ವರ ನೋಡಿ ಇಳಿಯುತ್ತಾರೆ. ಊರೊಳಗೆ ಉಳಿದಿರುವ ಹೊರಸುತ್ತಿನ ಗೋಡೆಯನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ರಂಗಯ್ಯನ ಬಾಗಿಲಿನಿಂದ ಹೊರಟು ಗೋಡೆ ಎಲ್ಲೆಲ್ಲಿ ಮನೆಗಳ ನಡುವೆ ಕಾಣುತ್ತದೆ ಅಂತ ಗುರುತು ಹಾಕುತ್ತಾ ಹೋಗಬೇಕು.

---

ಸಂತೆಹೊಂಡ

ಇದಕ್ಕೆ ನಾನು ರೆಡಿ ಸರ್. ನಮ್ಮ ಅಜ್ಜಿ ಮನೆ ಹಿಂದಿನ ಗೋಡೆನೇ ಕೋಟೆಗೋಡೆ. ಅದಕ್ಕೆ ಒರಗಿಸಿ ಸೌದೆ ಒಟ್ಟಿರ್ತಾರೆ. ಬೇಸಿಗೆಗೆ ಮೊದ್ಲು ಮಾಡೋಣ, ದುರ್ಗದ ಬಿಸಿಲು ಗೊತ್ತಲ್ಲ.

---

ಮೇಷ್ಟ್ರು ಹೊಳಲ್ಕೆರೆ

ನನ್ನನ್ನೂ ಸೇರಿಸಿಕೊಳ್ಳಿ. ನಿಧಾನ ನಡೆಯುತ್ತೇನೆ, ಆದರೆ ನಿಂತಲ್ಲಿ ಕಥೆ ಹೇಳುತ್ತೇನೆ.

---

ಬೆಣ್ಣೆನಗರಿ

ಇಷ್ಟೆಲ್ಲ ಓದಿದ ಮೇಲೆ ಕೇಳ್ತಿದ್ದೀನಿ ಸರ್. ಮುಂದೆ ಯಾವತ್ತಾದ್ರೂ ಹೋದ್ರೆ ನಡಿಗೆನ ಸಮುದ್ರದ ಕಡೆಯಿಂದ ಶುರು ಮಾಡೋದಾ, ಕೊಲ್ಲಿ ಕಡೆಯಿಂದನಾ? ವೀಸಾ ಹೇಗೆ?

---

ದುರ್ಗದ ನಡಿಗೆ

ಸಮುದ್ರದ ಕಡೆಯಿಂದಲೇ, ಬೆಳಿಗ್ಗೆ. ಉತ್ತರಕ್ಕೆ ನಡೆದರೆ ಬಿಸಿಲು ಮುಖಕ್ಕೆ ಹೊಡೆಯುವುದಿಲ್ಲ, ತೋಟಗಳು ಮೊದಲೇ ಸಿಗುತ್ತವೆ, ಕಾರಿಯೆ ಕೊನೆಗೆ ಬರುತ್ತದೆ. ಐವಾನ್‌ಸರಾಯ್‌ನಲ್ಲಿ ಮುಗಿಸಿ ಟಿ5 ಟ್ರಾಮ್ ಹತ್ತಿದರೆ ಕೊಲ್ಲಿಯ ದಂಡೆಯಲ್ಲೇ ಎಮಿನೊನುಗೆ ತಂದು ಬಿಡುತ್ತದೆ. ರೈಲು, ಟ್ರಾಮ್, ಫೆರಿ ಎಲ್ಲಕ್ಕೂ ಇಸ್ತಾಂಬುಲ್‌ಕಾರ್ಟ್ ಎಂಬ ಕಾರ್ಡ್ ಒಂದೇ ಸಾಕು.

ಅಮೆರಿಕ, ಬ್ರಿಟನ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮ ಪಾಸ್‌ಪೋರ್ಟ್‌ನವರಿಗೆ ಇ-ವೀಸಾ ಸಿಗುತ್ತದೆ, ಇಲ್ಲದಿದ್ದರೆ ಪಾಸ್‌ಪೋರ್ಟ್‌ಗೆ ಅಂಟಿಸುವ ವೀಸಾಕ್ಕೆ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಸರ್ಕಾರಿ ತಾಣದಲ್ಲೇ ನೋಡಿ. ಶೂ ಹೊಸದು ಬೇಡ, ಪಳಗಿದ್ದನ್ನೇ ಹಾಕಿಕೊಳ್ಳಿ. ಏಪ್ರಿಲ್‌-ಮೇ ಅಥವಾ ಸೆಪ್ಟೆಂಬರ್‌-ಅಕ್ಟೋಬರ್ ಒಳ್ಳೆಯದು. ಏಪ್ರಿಲ್‌ನಲ್ಲಿ ಹೋದರೆ ಟ್ಯೂಲಿಪ್ ಕೂಡ ಸಿಗುತ್ತದೆ.